ಹೊಳೆಯದ ಚುಕ್ಕೆ: ಗ್ಯಾಲಕ್ಟೋಸೀಮಿಯಾ ಪರೀಕ್ಷೆಯಲ್ಲಿ ದೋಷ ಮಗುವಿನದಾ, ಕಾರ್ಡಿನದಾ?

ಏಪ್ರಿಲ್ ತಿಂಗಳ ಒಂದು ಸೋಮವಾರ ಪಾವಗಡ ಕಡೆಯಿಂದ ಒಂದೇ ಕವರಿನಲ್ಲಿ ಮೂರು ಕಾರ್ಡ್ ಬಂದವು, ಹಿಮ್ಮಡಿ ಚುಚ್ಚಿ ತೆಗೆದ ರಕ್ತದ ಹನಿ ಆರಿಸಿದ ಫಿಲ್ಟರ್ ಕಾಗದದವು. ಮೂರೂ ಬೇರೆ ಬೇರೆ ಕೂಸುಗಳವು. ಸಂಜೆ ಕತ್ತಲೆ ಕೋಣೆಗೆ ಹೋಗಿ ಯುವಿ ಲ್ಯಾಂಪ್ ಹಾಕಿದೆ. ನಮ್ಮ ಕಂಟ್ರೋಲ್ ಚುಕ್ಕೆ, ಅಂದರೆ ಹೋಲಿಕೆಗೆ ಆರೋಗ್ಯವಂತರ ರಕ್ತದಿಂದ ಹಾಕಿದ್ದು, ಚೆನ್ನಾಗಿ ಹೊಳೆಯಿತು. ಕೂಸುಗಳ ಮೂರು ಚುಕ್ಕೆಗಳೂ ಕಪ್ಪಗೇ ಉಳಿದವು.

ಕಿಟ್ ಜೊತೆ ಬರುವ ಕಾಗದದ ಪ್ರಕಾರ ಹೋದರೆ ಮೂರೂ ಗ್ಯಾಲಕ್ಟೋಸೀಮಿಯಾ, ಅಂದರೆ ಹಾಲಿನ ಸಕ್ಕರೆಯಿಂದ ಬರುವ ಗ್ಯಾಲಕ್ಟೋಸನ್ನು ದೇಹ ಬಳಸಿಕೊಳ್ಳಲಾಗದ ಹುಟ್ಟು ಕಾಯಿಲೆ. ಆದರೆ ಪಾಶ್ಚಾತ್ಯ ದೇಶಗಳ ಲೆಕ್ಕದಲ್ಲಿ ಈ ಕಾಯಿಲೆ ಸುಮಾರು 40,000ದಿಂದ 60,000 ಹೆರಿಗೆಗೆ ಒಂದು. ಒಂದೇ ತಾಲ್ಲೂಕು, ಒಂದೇ ಕವರ್, ಮೂರು ಮಕ್ಕಳು. ನಂಬೋಕಾಗುತ್ತಾ? ನಾನು ನಂಬಲಿಲ್ಲ. ಹಾಗಂತ ಬೆಳಿಗ್ಗೆ ನೋಡೋಣ ಅಂತ ಮನೆಗೆ ಹೋಗೋಕೂ ಆಗಲ್ಲ. ಮೂರರಲ್ಲಿ ಒಂದು ನಿಜವಾಗಿದ್ದರೂ ಆ ಕೂಸು ಈಗ ಎದೆಹಾಲು ಕುಡಿಯುತ್ತಾ ಮಲಗಿರುತ್ತದೆ. ಆ ಹಾಲೇ ಅದರ ಲಿವರ್ ಹಾಳು ಮಾಡುತ್ತಿರುತ್ತದೆ.

ನಾನು ತುಮಕೂರಿನ ಒಂದು ಚಿಕ್ಕ ಲ್ಯಾಬಿನಲ್ಲಿ ಕೆಲಸ ಮಾಡುವವನು. ಈ ಪರೀಕ್ಷೆ ನಮಗೆ ದಿನಾ ಬರಲ್ಲ, ಅದಕ್ಕೇ ತಪ್ಪು ಜಾಸ್ತಿ. ಚುಕ್ಕೆ ಹೊಳೆಯದಿದ್ದಾಗ ಎಲ್ಲಿಂದ ಹುಡುಕಬೇಕು, ಹೊಳೆದರೂ ಯಾವಾಗ ನಂಬಬಾರದು ಅಂತ ನಾನು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಆ ಮೂರು ಕಾರ್ಡ್‌ಗಳ ಕಥೆಯೂ ನಡುನಡುವೆ ಬರುತ್ತದೆ.

ಹೊಳಪು ಎಲ್ಲಿಂದ ಬರುತ್ತದೆ

ಇದು ಗೊತ್ತಿಲ್ಲದೆ ದೋಷ ಹುಡುಕೋಕೆ ಹೋದರೆ ಕತ್ತಲೆಯಲ್ಲಿ ಸೂಜಿ ಹುಡುಕಿದ ಹಾಗೆ. ಹಾಲಿನ ಸಕ್ಕರೆಯ ಹೆಸರು ಲ್ಯಾಕ್ಟೋಸ್. ಕರುಳಿನಲ್ಲಿ ಅದು ಗ್ಲೂಕೋಸ್ ಮತ್ತು ಗ್ಯಾಲಕ್ಟೋಸ್ ಅಂತ ಎರಡಾಗುತ್ತದೆ. ಗ್ಯಾಲಕ್ಟೋಸನ್ನು ದೇಹ ಬಳಸಿಕೊಳ್ಳಲು ಮೂರು ಕಿಣ್ವ ಬೇಕು. ಅವುಗಳಲ್ಲಿ ನಡುವಿನದ್ದು ಗಾಲ್ಟ್. ಅದು ಇಲ್ಲದಿದ್ದರೆ ಗ್ಯಾಲಕ್ಟೋಸ್-1-ಫಾಸ್ಫೇಟ್ ಜೀವಕೋಶಗಳಲ್ಲಿ ತುಂಬಿಕೊಳ್ಳುತ್ತದೆ. ಹುಟ್ಟಿದ ಮೊದಲ ವಾರ, ಎರಡನೇ ವಾರದಲ್ಲೇ ಕಾಮಾಲೆ, ವಾಂತಿ, ಹಾಲು ಕುಡಿಯದೆ ಜೋತು ಬೀಳುವುದು, ರಕ್ತ ಹೆಪ್ಪುಗಟ್ಟದಿರುವುದು, ಕಣ್ಣಿಗೆ ಪೊರೆ ಶುರುವಾಗುತ್ತವೆ. ಇ. ಕೋಲೈ ಬ್ಯಾಕ್ಟೀರಿಯಾದ ಸೋಂಕು ರಕ್ತಕ್ಕೆ ಇಳಿದು ಜೀವಕ್ಕೇ ಬರುವುದೂ ಇಂಥ ಕೂಸುಗಳಲ್ಲೇ ಜಾಸ್ತಿ.

ನಾವು ಮಾಡುವ ಚುಕ್ಕೆ ಪರೀಕ್ಷೆ ರಕ್ತರೋಗ ತಜ್ಞ ಬ್ಯೂಟ್ಲರ್ ಅವರದು, 1966ರದು. ರಕ್ತದ ಜೊತೆ ಬೆರೆಸುವ ರೀಏಜೆಂಟ್ ದ್ರಾವಣದಲ್ಲಿ ಗ್ಯಾಲಕ್ಟೋಸ್-1-ಫಾಸ್ಫೇಟ್, ಯುಡಿಪಿ ಗ್ಲೂಕೋಸ್, ಎನ್‌ಎಡಿಪಿ ಇರುತ್ತವೆ. ಕೂಸಿನ ಕೆಂಪು ರಕ್ತಕಣದಲ್ಲಿ ಗಾಲ್ಟ್ ಇದ್ದರೆ ಗ್ಲೂಕೋಸ್-1-ಫಾಸ್ಫೇಟ್ ಹುಟ್ಟುತ್ತದೆ. ಅದನ್ನು ರಕ್ತಕಣದಲ್ಲೇ ಇರುವ ಇನ್ನೊಂದು ಕಿಣ್ವ ಗ್ಲೂಕೋಸ್-6-ಫಾಸ್ಫೇಟ್ ಮಾಡುತ್ತದೆ. ಅದರ ಮೇಲೆ ಜಿ6ಪಿಡಿ ಅನ್ನುವ ಮತ್ತೊಂದು ಕಿಣ್ವ ಕೆಲಸ ಮಾಡಿದಾಗ ಎನ್‌ಎಡಿಪಿ ಹೋಗಿ ಎನ್‌ಎಡಿಪಿಎಚ್ ಆಗುತ್ತದೆ. ಲಾಂಗ್‌ವೇವ್ ಯುವಿಯಲ್ಲಿ ಹೊಳೆಯುವುದು ಈ ಎನ್‌ಎಡಿಪಿಎಚ್ ಮಾತ್ರ.

ಅಂದರೆ ನಾವು ಗಾಲ್ಟನ್ನು ನೇರವಾಗಿ ನೋಡುತ್ತಲೇ ಇಲ್ಲ. ಬಕೆಟ್‌ಗಳನ್ನು ಕೈಯಿಂದ ಕೈಗೆ ದಾಟಿಸುವ ಸಾಲಿನಲ್ಲಿ ಕೊನೆಯವನ ಬಕೆಟ್‌ನಲ್ಲಿ ನೀರಿದೆಯಾ ಅಂತ ನೋಡುತ್ತಿದ್ದೇವೆ. ನೀರು ಬರಲಿಲ್ಲ ಅಂದರೆ ಸಾಲಿನಲ್ಲಿ ಯಾರು ಬೇಕಾದರೂ ಕೈಬಿಟ್ಟಿರಬಹುದು. ಈ ಬರಹದ ಮುಕ್ಕಾಲು ಭಾಗ ಆ ಕೈಬಿಟ್ಟವನನ್ನು ಹುಡುಕುವುದೇ.

ಮೊದಲು ಫೋನ್, ಆಮೇಲೆ ಪರೀಕ್ಷೆ

ಚುಕ್ಕೆ ಹೊಳೆಯಲಿಲ್ಲ ಅಂದ ತಕ್ಷಣ ನಮಗೆ ಪುನಃ ಮಾಡಿ ನೋಡುವ ಚಪಲ. ಮಾಡಿ, ಬೇಡ ಅನ್ನಲ್ಲ. ಆದರೆ ಟ್ಯೂಬನ್ನು ವಾಟರ್ ಬಾತಿಗೆ ಇಳಿಸಿ ಆ ಹೊತ್ತಿನಲ್ಲಿ ಫೋನ್ ಮಾಡಿ. ಆ ದಿನ ನಾನು ಮಾಡಿದ ಮಾತು ಹೆಚ್ಚುಕಡಿಮೆ ಹೀಗಿತ್ತು:

"ಸಿಸ್ಟರ್, ಮೂರು ಮಕ್ಕಳೂ ಹೆಂಗಿದ್ದಾರೆ?"

"ಎರಡು ಚೆನ್ನಾಗವೆ ಸಾರ್. ಮನೆಗೆ ಕಳ್ಸಿದೀವಿ. ಒಂದು ಗಂಡು ಮಗು ಹಳದಿ ಆಗೈತೆ, ಲೈಟ್ ಕೆಳಗೆ ಮಲಗ್ಸಿದೀವಿ."

"ಹಾಲು ಕುಡೀತಾ ಇದಾವಾ?"

"ಎಲ್ಲಾ ಎದೆಹಾಲೇ ಸಾರ್."

"ರಕ್ತ ಏನಾದ್ರೂ ಹಾಕಿದೀರಾ?"

"ಇಲ್ಲ."

"ಸರಿ, ಡಾಕ್ಟರಿಗೆ ಫೋನ್ ಕೊಡಿ."

ಈ ಮೂರು ಪ್ರಶ್ನೆ ಬಿಡಬೇಡಿ. ಕೂಸು ಹೇಗಿದೆ, ಹಾಲು ಕುಡಿಯುತ್ತಿದೆಯಾ, ರಕ್ತ ಹಾಕಿದ್ದಾರಾ. ನಾಲ್ಕನೆಯದು ಡಾಕ್ಟರನ್ನೇ ಕೇಳಿ: ಈ ತಾಯಿಗೆ ಹಿಂದೆ ಯಾವುದಾದರೂ ಕೂಸು ಹುಟ್ಟಿ ಹತ್ತು ಹದಿನೈದು ದಿನಕ್ಕೆ ಕಾಮಾಲೆ ಬಂದು ತೀರಿಕೊಂಡಿತ್ತಾ? ಸಂಬಂಧದಲ್ಲೇ ಮದುವೆಯಾ? ನಮ್ಮ ಕಡೆ ಸೋದರಮಾವನಿಗೆ ಕೊಡುವುದು, ಅತ್ತೆ ಮಗನಿಗೆ ಕೊಡುವುದು ಇನ್ನೂ ಇದೆ. ಗ್ಯಾಲಕ್ಟೋಸೀಮಿಯಾ ಬರಬೇಕಾದರೆ ತಾಯಿ ತಂದೆ ಇಬ್ಬರಿಂದಲೂ ಕೆಟ್ಟ ಜೀನ್ ಬರಬೇಕು. ಇಬ್ಬರೂ ವಾಹಕರಾದರೆ, ಅಂದರೆ ಕಾಯಿಲೆ ಇಲ್ಲದೆ ಒಂದೊಂದು ಕೆಟ್ಟ ಜೀನ್ ಹೊತ್ತವರಾದರೆ, ಪ್ರತಿ ಹೆರಿಗೆಯಲ್ಲೂ 25% ಸಾಧ್ಯತೆ. ಒಂದೇ ಮನೆತನದವರಾದರೆ ಇಬ್ಬರಲ್ಲೂ ಅದೇ ಜೀನ್ ಇರುವ ಅವಕಾಶ ಜಾಸ್ತಿ ಅಲ್ವಾ.

ಹಾಲು ನಿಲ್ಲಿಸುವ ತೀರ್ಮಾನ ಡಾಕ್ಟರದು, ನಮ್ಮದಲ್ಲ. ಆದರೆ ನಮ್ಮ ಅನುಮಾನ ಅವರಿಗೆ ಆವತ್ತೇ ಮುಟ್ಟಬೇಕು. ಆ ಡಾಕ್ಟರ್ ಹೊಸ ಸ್ಯಾಂಪಲ್ ಫಲಿತಾಂಶ ಬರುವವರೆಗೆ ಮೂವರಿಗೂ ಸೋಯಾ ಪುಡಿ ಕೊಡಿ, ತಾಯಂದಿರು ಹಾಲು ಹಿಂಡುತ್ತಾ ಇರಲಿ, ಬತ್ತದ ಹಾಗೆ ನೋಡಿಕೊಳ್ಳಿ ಎಂದರು. ಒಳ್ಳೆಯ ತೀರ್ಮಾನ. ಮನೆಯವರು ಹಸುವಿನ ಹಾಲು ಬೇಡವಾದರೆ ಮೇಕೆ ಹಾಲು ಕೊಡ್ತೀವಿ ಅಂತಾರೆ. ಅದರಲ್ಲೂ ಲ್ಯಾಕ್ಟೋಸ್ ಇದೆ. ಇನ್ನೊಂದು ದೊಡ್ಡ ಮೋಸ ಅಂಗಡಿಯಲ್ಲಿ ಸಿಗುವ ಲ್ಯಾಕ್ಟೋಸ್ ರಹಿತ ಹಾಲಿನದು. ಅದರಲ್ಲಿ ಲ್ಯಾಕ್ಟೋಸನ್ನು ಮೊದಲೇ ಒಡೆದಿರುತ್ತಾರೆ ಅಷ್ಟೇ, ಗ್ಯಾಲಕ್ಟೋಸ್ ಅಲ್ಲೇ ಇರುತ್ತದೆ.

ಗಾಲ್ಟ್ ಪರೀಕ್ಷೆಗೆ ಹಾಲು ಕುಡಿದಿದ್ದರೂ ಒಂದೇ, ಬಿಟ್ಟಿದ್ದರೂ ಒಂದೇ. ಕಿಣ್ವ ಹುಟ್ಟಿನಿಂದಲೇ ಇರುತ್ತದೆ ಅಥವಾ ಇರುವುದಿಲ್ಲ. ಹಾಗಾಗಿ ಪರೀಕ್ಷೆ ಮುಗಿಯುವ ತನಕ ಹಾಲು ಕೊಡ್ತಾ ಇರಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ.

ಕಾರ್ಡನ್ನು ಕೈಗೆತ್ತಿಕೊಂಡು ನೋಡಿ

ಈಗ ಕಾರ್ಡಿಗೆ ಬರೋಣ. ನನ್ನ ಅನುಭವದಲ್ಲಿ ಮುಕ್ಕಾಲು ಪಾಲು ಗಲಾಟೆ ಇಲ್ಲೇ ಇರುತ್ತದೆ. ಯಂತ್ರ, ರೀಏಜೆಂಟ್ ಎಲ್ಲ ಆಮೇಲೆ.

ಕಿಟಕಿ ಬೆಳಕಿಗೆ ಕಾರ್ಡ್ ಹಿಡಿದು ಮುಂದೆ ನೋಡಿ, ಹಿಂದೆ ನೋಡಿ. ಒಳ್ಳೆಯ ಚುಕ್ಕೆ ಎರಡೂ ಕಡೆ ಒಂದೇ ಥರ ಇರುತ್ತದೆ. ಮುಂದೆ ತುಂಬಿ ಹಿಂದೆ ತೇಪೆ ತೇಪೆಯಾಗಿದ್ದರೆ ರಕ್ತ ಪೂರ್ತಿ ಇಳಿದಿಲ್ಲ. ಅಲ್ಲಿಂದ 3 ಮಿಲಿಮೀಟರ್ ಚೂರು ಪಂಚ್ ಮಾಡಿದರೆ ಅರ್ಧ ರಕ್ತ, ಅರ್ಧ ಕಾಗದ. ದೋಸೆ ಮೇಲೆ ದೋಸೆ ಹುಯ್ದ ಹಾಗೆ ಹನಿ ಮೇಲೆ ಹನಿ ಹಾಕಿದ್ದರೆ ಅಂಚು ಕಪ್ಪಗೆ ದಪ್ಪಗೆ ಕಾಣುತ್ತದೆ. ಸುತ್ತ ನೀರಿನ ಹಾಗೆ ತಿಳಿ ಬಳೆ ಮೂಡಿದ್ದರೆ ಸ್ಪಿರಿಟ್ ಆರುವ ಮೊದಲೇ ಚುಚ್ಚಿದ್ದಾರೆ, ಇಲ್ಲವೇ ಹಿಮ್ಮಡಿ ಹಿಸುಕಿ ಹಿಸುಕಿ ತೆಗೆದಿದ್ದಾರೆ. ಅದು ಬರೀ ರಕ್ತ ಅಲ್ಲ, ಹಿಸುಕಿದ್ದಕ್ಕೆ ಒಸರಿದ ನೀರೂ ಸೇರಿದೆ.

ಬಣ್ಣವನ್ನೂ ನೋಡಿ. ಚೆನ್ನಾಗಿ ಆರಿದ ಹೊಸ ಚುಕ್ಕೆ ಕಡುಕೆಂಪು. ಇಟ್ಟಿಗೆ ಕಂದು ಬಣ್ಣಕ್ಕೆ ತಿರುಗಿದ್ದರೆ ಹಳೆಯದು ಅಥವಾ ಬಿಸಿಲು ಕಂಡಿದ್ದು. ಮೂಸಿಯೂ ನೋಡಿ, ನಗಬೇಡಿ. ಒದ್ದೆ ಇರುವಾಗಲೇ ಪ್ಲಾಸ್ಟಿಕ್ ಕವರಿಗೆ ಹಾಕಿದ ಕಾರ್ಡಿಗೆ ಬೂಷ್ಟಿನ ವಾಸನೆ ಇರುತ್ತದೆ. ಆಶ್ವೀಜದ ಮಳೆ ಹೊತ್ತಿನಲ್ಲಿ ಇಂಥವು ನನಗೆ ಎಷ್ಟೋ ಬಂದಿವೆ.

ಗಾಲ್ಟ್‌ಗೆ ಬಿಸಿಯೂ ಆಗಲ್ಲ, ತೇವವೂ ಆಗಲ್ಲ. ಎರಡೂ ಸೇರಿದರೆ ಮುಗಿದೇ ಹೋಯಿತು. ಹಾಗಾಗಿ ಕಾರ್ಡನ್ನು ಅಂಗಾತ ಇಟ್ಟು, ಏನಕ್ಕೂ ತಾಗದ ಹಾಗೆ, ನೆರಳಲ್ಲಿ ಕನಿಷ್ಠ ಮೂರು ಗಂಟೆ ಆರಿಸಬೇಕು. ಫ್ಯಾನ್ ಕೆಳಗೆ ನೇರ ಬೇಡ. ಒಂದರ ಮೇಲೆ ಒಂದು ಪೇರಿಸಬೇಡಿ. ಆರಿದ ಮೇಲೆ ಸಿಲಿಕಾ ಜೆಲ್ ಪುಡಿಕೆ ಜೊತೆ ಕವರಿಗೆ ಹಾಕಿ ಕಳಿಸಿ. ತಡವಾಗುತ್ತದೆ ಅನ್ನಿಸಿದರೆ ಫ್ರಿಜ್‌ನಲ್ಲಿಡಿ. ಇದೆಲ್ಲ ಹೆರಿಗೆ ವಾರ್ಡಿನ ಸಿಸ್ಟರ್‌ಗಳಿಗೆ ಗೊತ್ತು. ಆದರೆ ಅವರಿಗೆ ಪುರುಸೊತ್ತೆಲ್ಲಿ? ಒಂದು ಆಸ್ಪತ್ರೆಯಲ್ಲಿ ಕೂಸುಗಳನ್ನು ಬೆಚ್ಚಗಿಡುವ ವಾರ್ಮರ್ ಮೇಲೆ ಕಾರ್ಡ್ ಇಟ್ಟು ಬೇಗ ಆರಿಸುತ್ತಿದ್ದರು. ಹಪ್ಪಳ ಕಾಯಿಸಿದ ಹಾಗೆ. ಪಾಪ, ಒಳ್ಳೆ ಮನಸ್ಸಿನಿಂದಲೇ ಮಾಡಿದ್ದು. ಅಲ್ಲಿಂದ ಬಂದ ಪ್ರತಿ ಎರಡನೇ ಕಾರ್ಡ್ ಮಂಕಾಗಿ ಬರುತ್ತಿತ್ತು. ಕಾರಣ ತಿಳಿಯೋಕೆ ನಾನು ಅಲ್ಲಿಗೇ ಹೋಗಿ ನಿಂತು ನೋಡಬೇಕಾಯಿತು.

ಪಾವಗಡದ ಮೂರು ಕಾರ್ಡ್‌ಗಳ ದಾರಿಯನ್ನು ಸಿಸ್ಟರ್ ಹತ್ತಿರ ಕೇಳುತ್ತಾ ಹೋದೆ. ರಕ್ತ ತೆಗೆದದ್ದು ಶುಕ್ರವಾರ ಸಂಜೆ. ಶನಿವಾರ ಮಧ್ಯಾಹ್ನ ಕವರನ್ನು ಬಸ್ಸಿಗೆ ಕೊಟ್ಟರು. ಡ್ರೈವರ್ ಮುಂದಿನ ಗಾಜಿನ ಹತ್ತಿರ ಇಟ್ಟುಕೊಂಡರು. ಮಧುಗಿರಿ, ಕೊರಟಗೆರೆ ದಾಟಿ ತುಮಕೂರಿಗೆ ಬರೋಕೆ ನೂರು ಕಿಲೋಮೀಟರ್ ಹತ್ತಿರ. ಗಾಜಿನ ಹಿಂದೆ ಆ ಬಿಸಿಲು. ಸೋಲಾರ್ ಪಾರ್ಕ್ ಮಾಡೋಕೆ ಪಾವಗಡವನ್ನು ಸುಮ್ನೆ ಆರಿಸಲಿಲ್ಲ. ಇಲ್ಲಿ ಕವರ್ ಇಳಿದದ್ದು ಬಸ್‌ಸ್ಟ್ಯಾಂಡ್ ಪಕ್ಕದ ಒಂದು ಪೆಟ್ಟಿ ಅಂಗಡಿಯಲ್ಲಿ, ತಗಡಿನ ಸೂರು. ಭಾನುವಾರ ನಮ್ಮ ಲ್ಯಾಬಿಗೆ ರಜ. ಸೋಮವಾರ ಬೆಳಿಗ್ಗೆ ನಮ್ಮ ಹುಡುಗ ಹೋಗಿ ತಂದ. ಹೆಚ್ಚುಕಡಿಮೆ ಎರಡು ದಿನ ಕಾರ್ಡ್ ಬೆಂದಿದೆ. ತಪ್ಪು ನಮ್ಮದೂ ಹೌದು. ಶನಿವಾರ ಕಳಿಸಬೇಡಿ ಅಂತ ನಾವು ಎಲ್ಲೂ ಬರೆದುಕೊಟ್ಟಿರಲಿಲ್ಲ.

ಆದರೆ ಕಾರ್ಡ್ ಬೆಂದಿದೆ ಅಂತ ಗೊತ್ತಾದರೆ ಕೂಸು ಚೆನ್ನಾಗಿದೆ ಅಂತ ಅರ್ಥವಲ್ಲ. ಈ ಕಾರ್ಡಿನಿಂದ ಏನೂ ಹೇಳೋಕಾಗಲ್ಲ ಅಂತ ಅರ್ಥ, ಅಷ್ಟೇ.

ಬೆಂದ ಕಾರ್ಡಿಗೆ ಸಾಕ್ಷಿ

ದಾರಿ ಕೇಳಿ ತಿಳಿದದ್ದು ಒಂದು ಕಡೆ, ಕಾರ್ಡೇ ಹೇಳುವ ಸಾಕ್ಷಿ ಇನ್ನೊಂದು ಕಡೆ. ಅದೇ ಕಾರ್ಡಿನಲ್ಲಿ ಬಿಸಿಗೆ ಹೆದರುವ ಬೇರೊಂದು ಕಿಣ್ವ ನೋಡಿ. ನವಜಾತ ಸ್ಕ್ರೀನಿಂಗ್ ಮಾಡುವ ದೊಡ್ಡ ಲ್ಯಾಬ್‌ಗಳಲ್ಲಿ ಬಯೋಟಿನಿಡೇಸ್ ಅನ್ನುವ ಅಂಥ ಕಿಣ್ವವನ್ನು ಹೇಗೂ ನೋಡುತ್ತಾರೆ. ಗಾಲ್ಟ್ ಜೊತೆ ಅದೂ ಕುಸಿದಿದ್ದರೆ ಬಿಸಿಯ ಮೇಲೆ ಅನುಮಾನ ಗಟ್ಟಿ. ಒಂದೇ ಕೂಸಿಗೆ ಎರಡು ಅಪರೂಪದ ಕಾಯಿಲೆ ಒಟ್ಟಿಗೆ ಬರುವುದು ತೀರಾ ಕಷ್ಟ. ಬಯೋಟಿನಿಡೇಸ್ ಚೆನ್ನಾಗಿದ್ದು ಗಾಲ್ಟ್ ಮಾತ್ರ ಇಲ್ಲದಿದ್ದರೆ ಕೂಸಿನ ಕಡೆ ಗಂಭೀರವಾಗಿ ತಿರುಗಿ.

ಎರಡನೇ ಸಾಕ್ಷಿ ಅದೇ ಕಾರ್ಡಿನ ಒಟ್ಟು ಗ್ಯಾಲಕ್ಟೋಸ್. ಇದು ನನಗೆ ತುಂಬಾ ಇಷ್ಟದ ಪರೀಕ್ಷೆ. ಗ್ಯಾಲಕ್ಟೋಸ್ ಸಕ್ಕರೆ, ಕಿಣ್ವ ಅಲ್ಲ. ಕಿಣ್ವದಷ್ಟು ಬೇಗ ಬಿಸಿಲಿಗೆ ಹಾಳಾಗಲ್ಲ. ಕೂಸು ಚೆನ್ನಾಗಿ ಹಾಲು ಕುಡಿಯುತ್ತಿದ್ದಾಗ ತೆಗೆದ ಕಾರ್ಡಿನಲ್ಲಿ ಗಾಲ್ಟ್ ಇಲ್ಲ, ಗ್ಯಾಲಕ್ಟೋಸೂ ಏರಿಲ್ಲ ಅಂದರೆ ಕಿಣ್ವ ಸತ್ತದ್ದು ಕಾರ್ಡಿನ ಮೇಲೆ, ಕೂಸಿನೊಳಗಲ್ಲ ಅನ್ನುವ ಕಡೆಗೆ ತೂಕ. ಗಾಲ್ಟ್ ಇಲ್ಲ, ಗ್ಯಾಲಕ್ಟೋಸ್ ಬಹಳ ಏರಿದೆ ಅಂದರೆ ರಾತ್ರಿ ಎಷ್ಟು ಹೊತ್ತಾದರೂ ಡಾಕ್ಟರನ್ನು ಎಬ್ಬಿಸಿ.

ಇಲ್ಲೊಂದು ಎಚ್ಚರ. ಕೂಸಿಗೆ ಹಾಲೇ ಸಿಕ್ಕಿಲ್ಲದಿದ್ದರೆ ಗ್ಯಾಲಕ್ಟೋಸ್ ಪರೀಕ್ಷೆಗೆ ಅರ್ಥವಿಲ್ಲ. ಡ್ರಿಪ್ ಮೇಲೆ ಇದ್ದ ಕೂಸು, ಸೋಯಾ ಕುಡಿದ ಕೂಸು, ಮೊದಲೆರಡು ದಿನ ಬರೀ ಸಕ್ಕರೆ ನೀರು ಕುಡಿದ ಕೂಸು, ಇವರಲ್ಲಿ ಕಾಯಿಲೆ ಇದ್ದರೂ ಗ್ಯಾಲಕ್ಟೋಸ್ ಏರದೇ ಇರಬಹುದು. ಸಕ್ಕರೆಯಲ್ಲಿರುವುದು ಗ್ಲೂಕೋಸ್ ಮತ್ತು ಫ್ರಕ್ಟೋಸ್, ಗ್ಯಾಲಕ್ಟೋಸ್ ಅಲ್ಲ. ಅದಕ್ಕೇ ಹಳೇ ಕಾರ್ಡನ್ನು ಎಸೆಯಬೇಡಿ. ಸೋಮವಾರ ರಾತ್ರಿಯಿಂದ ಹಾಲು ನಿಲ್ಲಿಸಿದರೆ ಮಂಗಳವಾರದ ಹೊಸ ಸ್ಯಾಂಪಲ್‌ನಲ್ಲಿ ಗ್ಯಾಲಕ್ಟೋಸ್ ಇಳಿಯುತ್ತಿರುತ್ತದೆ. ಹಾಲು ಕುಡಿಯುತ್ತಿದ್ದ ದಿನದ ಲೆಕ್ಕ ಸಿಗುವುದು ಆ ಬೆಂದ ಕಾರ್ಡಿನಲ್ಲೇ. ನಾವು ಆ ಮೂರರಿಂದ ಚೂರು ತೆಗೆದು ಬೆಂಗಳೂರಿನ ದೊಡ್ಡ ಲ್ಯಾಬಿಗೆ ಕಳಿಸಿದೆವು. ಮೂರರಲ್ಲೂ ಗ್ಯಾಲಕ್ಟೋಸ್ ಏರಿರಲಿಲ್ಲ.

ನಮ್ಮ ಮೇಜಿನ ಮೇಲಿನ ತಪ್ಪುಗಳು

ಕಂಟ್ರೋಲ್ ಹೊಳೆದರೆ ಈ ಭಾಗ ಬೇಗ ದಾಟಬಹುದು. ಕಂಟ್ರೋಲೂ ಹೊಳೆಯದಿದ್ದರೆ ಕೂಸಿನ ಬಗ್ಗೆ ಒಂದು ಮಾತೂ ಆಡಬೇಡಿ. ತಪ್ಪು ನಮ್ಮ ಕೋಣೆಯಲ್ಲಿದೆ.

ಕರೆಂಟ್ ಹೋಗಿ ರೀಏಜೆಂಟ್ ಕರಗಿ, ಬಂದ ಮೇಲೆ ಮತ್ತೆ ಹೆಪ್ಪುಗಟ್ಟಿದೆಯಾ? ಕಲಸಿಟ್ಟ ರೀಏಜೆಂಟಿಗೆ ದಿನಾಂಕ ಬರೆದಿದ್ದೀರಾ? ವಾಟರ್ ಬಾತ್ 37 ಡಿಗ್ರಿ ತೋರಿಸುತ್ತದೆ, ಒಳಗೆ ಬೇರೆ ಥರ್ಮಾಮೀಟರ್ ಇಟ್ಟು ನೋಡಿದ್ದೀರಾ? ನಮ್ಮದು ಒಂದು ಬೇಸಿಗೆ ಪೂರ್ತಿ 37 ಅಂತ ತೋರಿಸಿಕೊಂಡು 32ರಲ್ಲಿ ಕೂತಿತ್ತು. ಚುಕ್ಕೆಗಳು ಹೊಳೆಯುತ್ತಿದ್ದವು, ಆದರೆ ತಡವಾಗಿ. ತಣ್ಣಗಿದ್ದರೆ ಕಿಣ್ವ ಸೋಮಾರಿ.

ಲ್ಯಾಂಪ್ ಬಗ್ಗೆ ಒಂದು ಮಾತು. ಬೇಕಾದದ್ದು 365 ನ್ಯಾನೋಮೀಟರ್ ಲಾಂಗ್‌ವೇವ್. ಕ್ರಿಮಿ ಕೊಲ್ಲುವ 254ರ ಲ್ಯಾಂಪ್ ಇದಕ್ಕಲ್ಲ, ಕಣ್ಣಿಗೂ ಕೇಡು. ಕೋಣೆ ನಿಜವಾಗಿ ಕತ್ತಲಾಗಿರಬೇಕು. ಒಳಗೆ ಹೋಗಿ ಎರಡು ನಿಮಿಷ ಸುಮ್ನೆ ನಿಂತು ಆಮೇಲೆ ನೋಡಿ. ಹೊರಗಿನ ಬೆಳಕಿನಿಂದ ನೇರ ಬಂದ ಕಣ್ಣಿಗೆ ಮಂಕು ಹೊಳಪು ಕಾಣಲ್ಲ.

ಇದಕ್ಕೆ ತದ್ವಿರುದ್ಧವಾದ ತಪ್ಪೂ ಇದೆ. ಬಿಳಿ ಕೋಟು ಹಾಕಿಕೊಂಡು ಆ ಲ್ಯಾಂಪ್ ಮುಂದೆ ನಿಂತಿದ್ದೀರಾ? ಕೋಟೇ ನೀಲಿಯಾಗಿ ಹೊಳೆಯುತ್ತದೆ. ಸೋಪಿನ ಪುಡಿಯಲ್ಲಿರುವ ಬೆಳ್ಳಗಾಗಿಸುವ ರಾಸಾಯನಿಕದ ಕೆಲಸ ಅದು. ಮಾಮೂಲಿ ಬಿಳಿ ಕಾಗದದಲ್ಲೂ ಅಂಥದ್ದು ಇರುತ್ತದೆ. ಫಿಲ್ಟರ್ ಪೇಪರ್ ಮುಗಿಯಿತು ಅಂತ ಒಬ್ಬ ಹೊಸ ಹುಡುಗ ಪ್ರಿಂಟರ್ ಕಾಗದದ ಮೇಲೆ ಚುಕ್ಕೆ ಹಾಕಿದ್ದ. ಎಲ್ಲಾ ಕೂಸುಗಳೂ ನಾರ್ಮಲ್! ಖಾಲಿ ರೀಏಜೆಂಟಿನ ಚುಕ್ಕೆಯೂ ನಾರ್ಮಲ್! ಅದಕ್ಕೇ ಪ್ರತಿ ಸಲ ರಕ್ತವಿಲ್ಲದ ಒಂದು ಚುಕ್ಕೆ ಜೊತೆಗಿರಲಿ. ಅದು ಕಪ್ಪಗೇ ಇರಬೇಕು.

ಹೊಳೆದರೂ ನಂಬಬಾರದ ಕಾರ್ಡ್

ಇದು ಮೊದಲಿನದಕ್ಕಿಂತ ಅಪಾಯದ ತಪ್ಪು. ಹೊಳೆಯದ ಚುಕ್ಕೆ ಬಗ್ಗೆ ಎಲ್ಲರೂ ತಲೆ ಕೆಡಿಸಿಕೊಳ್ಳುತ್ತಾರೆ. ಹೊಳೆದದ್ದನ್ನು ಯಾರೂ ಎರಡನೇ ಸಲ ನೋಡಲ್ಲ.

ಕಾಮಾಲೆ ಜೋರಾಗಿ ಕೂಸಿಗೆ ರಕ್ತ ಬದಲಾಯಿಸಿದ್ದಾರೆ ಅಥವಾ ರಕ್ತ ಹಾಕಿದ್ದಾರೆ ಅಂದುಕೊಳ್ಳಿ. ಈಗ ನೀವು ನೋಡುತ್ತಿರುವುದು ಕೂಸಿನ ಗಾಲ್ಟ್ ಅಲ್ಲ, ರಕ್ತ ಕೊಟ್ಟವರ ಗಾಲ್ಟ್. ಕೆಂಪು ರಕ್ತಕಣ ಸುಮಾರು 120 ದಿನ ಬದುಕುತ್ತದೆ. ಅಲ್ಲಿಯವರೆಗೆ, ಅಂದರೆ ಮೂರರಿಂದ ನಾಲ್ಕು ತಿಂಗಳು, ಕೂಸಿನ ಕೆಂಪು ಕಣದ ಕಿಣ್ವ ಪರೀಕ್ಷೆಯನ್ನು ನೆಚ್ಚೋಕಾಗಲ್ಲ. ಹಾಗಂತ ನಾಲ್ಕು ತಿಂಗಳು ಕಾಯ್ತೀರಾ? ಎರಡು ದಾರಿ ಇವೆ. ಒಂದು, ಜೀನ್ ಪರೀಕ್ಷೆ. ಇನ್ನೊಂದು, ತಾಯಿ ತಂದೆಯ ಗಾಲ್ಟ್ ಪ್ರಮಾಣ ಅಳೆಯುವುದು. ಇಬ್ಬರಲ್ಲೂ ಹೆಚ್ಚುಕಡಿಮೆ ಅರ್ಧ ಇದ್ದರೆ ಇಬ್ಬರೂ ವಾಹಕರು ಅಂತ ಅನುಮಾನ ಪಡಬೇಕು. ನಮ್ಮ ಚುಕ್ಕೆ ಪರೀಕ್ಷೆ ಇದಕ್ಕೆ ಸಾಲದು, ವಾಹಕರಲ್ಲೂ ಅದು ಹೊಳೆದುಬಿಡುತ್ತದೆ. ಪ್ರಮಾಣ ಅಳೆಯುವ ಲ್ಯಾಬೇ ಬೇಕು.

ವಾರ್ಡಿನವರಿಗೆ ನಾನು ಯಾವಾಗಲೂ ಹೇಳುವುದು ಇಷ್ಟೇ: ರಕ್ತದ ಬಾಟ್ಲಿ ತರಿಸುವ ಮೊದಲು ಕಾರ್ಡಿಗೆ ಹನಿ ಹಾಕಿಟ್ಟುಬಿಡಿ. ಬೇಡವಾದರೆ ಆಮೇಲೆ ಎಸೆಯೋಣ.

ಗಾಲ್ಟ್ ಹೊಳೆದರೆ ಗ್ಯಾಲಕ್ಟೋಸ್ ತೊಂದರೆಯೇ ಇಲ್ಲ ಅಂತಲೂ ಅಲ್ಲ. ಮೊದಲ ಕಿಣ್ವ ಗ್ಯಾಲಕ್ಟೋಕೈನೇಸ್ ಇಲ್ಲದ ಕೂಸಿನಲ್ಲಿ ಗಾಲ್ಟ್ ಚೆನ್ನಾಗಿ ಹೊಳೆಯುತ್ತದೆ, ರಕ್ತದಲ್ಲಿ ಗ್ಯಾಲಕ್ಟೋಸ್ ತುಂಬಿರುತ್ತದೆ, ಕೂಸು ಬಾಳ ಆರಾಮಾಗೇ ಇರುತ್ತದೆ. ತೊಂದರೆ ಗೊತ್ತಾಗುವುದು ಕಣ್ಣಿನ ಪೊರೆಯಲ್ಲಿ. ಲಿವರ್ ಬೇರೆ ಕಾರಣಕ್ಕೆ ಕೆಟ್ಟಿದ್ದರೂ ಗ್ಯಾಲಕ್ಟೋಸ್ ಏರಬಹುದು. ಹಾಗಾಗಿ ವರದಿಯಲ್ಲಿ ಗ್ಯಾಲಕ್ಟೋಸೀಮಿಯಾ ಇಲ್ಲ ಅಂತ ಬರೆಯಬೇಡಿ. ಗಾಲ್ಟ್ ಚಟುವಟಿಕೆ ಇದೆ ಅಂತ ಬರೆಯಿರಿ. ನೋಡಿದ್ದು ಅಷ್ಟೇ ತಾನೇ?

ಮಂಕಾಗಿ, ತಡವಾಗಿ ಹೊಳೆಯುವ ಚುಕ್ಕೆ ಬೇರೆ ಜಾತಿ. ಡ್ಯುವಾರ್ಟೆ ಅನ್ನುವ ಬಗೆ ಇದೆ. ಅದರ ಒಂದು ಜೀನ್ ಮತ್ತು ಪೂರ್ತಿ ಕೆಟ್ಟ ಒಂದು ಜೀನ್ ಸೇರಿದರೆ ಗಾಲ್ಟ್ ಸುಮಾರು 25% ಇರುತ್ತದೆ. ಪೂರ್ತಿ ಕಾಯಿಲೆಯಲ್ಲಿ ಇರುವಂತೆ ಲಿವರ್ ಹಾಳಾಗುವುದು ಇವರಲ್ಲಿ ಇಲ್ಲ. ಆದರೆ ಮಂಕು ಹೊಳಪು ನೋಡಿ ಇದು ಡ್ಯುವಾರ್ಟೆ ಅಂತ ನಾವು ಹೇಳೋ ಹಾಗಿಲ್ಲ. ಅರ್ಧ ಬೆಂದ ಕಾರ್ಡೂ ಹೀಗೇ ಕಾಣುತ್ತದೆ.

ದಾರಿ ತಪ್ಪಿಸುವ ಎರಡು ಚಿಕ್ಕ ಪರೀಕ್ಷೆ

ವಾರ್ಡಿನಲ್ಲಿ ಗ್ಲೂಕೋಮೀಟರ್ ಇದೆ. ಕೆಲವು ಸ್ಟ್ರಿಪ್‌ಗಳು, ಜಿಡಿಎಚ್-ಪಿಕ್ಯೂಕ್ಯೂ ಅನ್ನುವ ಬಗೆಯವು, ಗ್ಯಾಲಕ್ಟೋಸನ್ನೂ ಮಾಲ್ಟೋಸನ್ನೂ ಗ್ಲೂಕೋಸ್ ಅಂದುಕೊಳ್ಳುತ್ತವೆ. ಇವುಗಳ ತಪ್ಪು ಎಣಿಕೆ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2009ರಲ್ಲೇ ಎಚ್ಚರಿಕೆ ಕೊಟ್ಟಿತ್ತು. ಗ್ಯಾಲಕ್ಟೋಸೀಮಿಯಾ ಕೂಸಿಗೆ ಸಕ್ಕರೆ ನಿಜವಾಗಿ ಕುಸಿದಿರುತ್ತದೆ, ಮೀಟರ್ ಮಾತ್ರ ಚೆನ್ನಾಗಿದೆ ಅನ್ನುತ್ತದೆ. ಮೀಟರ್ ಒಂದು ಹೇಳಿ ಲ್ಯಾಬಿನ ಗ್ಲೂಕೋಸ್ ಇನ್ನೊಂದು ಹೇಳಿದರೆ ಅದು ದೋಷವಲ್ಲ, ಸುಳಿವು.

ಇನ್ನೊಂದು ಮೂತ್ರದ ಬೆನೆಡಿಕ್ಟ್, ಮೂತ್ರದಲ್ಲಿ ಸಕ್ಕರೆ ಇದೆಯಾ ಅಂತ ಕಾಯಿಸಿ ನೋಡುವ ಹಳೇ ಪರೀಕ್ಷೆ. ಈಗ ಎಷ್ಟೋ ಲ್ಯಾಬ್‌ಗಳಲ್ಲಿ ಆ ನೀಲಿ ಬಾಟ್ಲಿಯೇ ಇಲ್ಲ. ಇದ್ದರೆ ಇಟ್ಟುಕೊಳ್ಳಿ. ಸ್ಟ್ರಿಪ್‌ನಲ್ಲಿ ಗ್ಲೂಕೋಸ್ ಇಲ್ಲ, ಬೆನೆಡಿಕ್ಟ್ ಕಾಯಿಸಿದರೆ ಹಳದಿ, ಇಟ್ಟಿಗೆ ಕೆಂಪು. ಹಾಗಾದರೆ ಗ್ಲೂಕೋಸ್ ಅಲ್ಲದ ಯಾವುದೋ ಸಕ್ಕರೆ ಇರಬಹುದು. ಅನುಮಾನಕ್ಕೆ ಸಾಕು, ತೀರ್ಪಿಗೆ ಸಾಲದು. ಕೂಸು ಹಾಲು ಬಿಟ್ಟಿದ್ದರೆ ಏನೂ ಬರಲ್ಲ. ಕೆಲವು ಆಂಟಿಬಯೋಟಿಕ್ ಕೊಟ್ಟಿದ್ದರೆ ಸುಳ್ಳು ಬಣ್ಣ ಬರುತ್ತದೆ.

ಮೂರನೇ ಕೂಸು

ಮಂಗಳವಾರ ಬೆಳಿಗ್ಗೆ ಮೂವರಿಗೂ ಹೊಸದಾಗಿ ರಕ್ತ ತೆಗೆದರು. ಈ ಸಲ ರಕ್ತ ಹೆಪ್ಪುಗಟ್ಟದ ಹಾಗೆ ತಡೆಯುವ ಇಡಿಟಿಎ ಟ್ಯೂಬು, ಐಸ್ ಪ್ಯಾಕ್ ಇಟ್ಟ ಲಸಿಕೆ ಡಬ್ಬಿ. ಟ್ಯೂಬ್ ಐಸಿಗೆ ನೇರ ತಾಗಿ ಹೆಪ್ಪುಗಟ್ಟದ ಹಾಗೆ ಮಧ್ಯೆ ಬಟ್ಟೆ. ಅಲ್ಲಿನ ಅಟೆಂಡರ್ ಮೊದಲ ಬಸ್ಸಿಗೆ ಹತ್ತಿ ತಾವೇ ತಂದುಕೊಟ್ಟರು. ಮಧ್ಯಾಹ್ನದೊಳಗೆ ಚುಕ್ಕೆ ಹಾಕಿದೆ.

ಎರಡು ಕೂಸುಗಳದ್ದು ಕಣ್ಣು ಕುಕ್ಕುವ ಹಾಗೆ ಹೊಳೆಯಿತು. ಬಿಸಿಲಿನದೇ ಕೆಲಸ. ಮೂರನೆಯದು, ಆ ಹಳದಿಯಾಗಿದ್ದ ಗಂಡು ಕೂಸಿನದು, ಕಪ್ಪು.

ಈಗ ಏನೆಂದು ಹೇಳುವುದು? ರಕ್ತ ತಾಜಾ, ಕಂಟ್ರೋಲ್ ಸರಿ, ಕಾಮಾಲೆ ಬೇರೆ ಇದೆ. ಕೈ ಪೆನ್ನಿಗೆ ಹೋಗಿತ್ತು. ಆದರೆ ಬಕೆಟ್ ಸಾಲಿನಲ್ಲಿ ಕೊನೆಯವನನ್ನು ಇನ್ನೂ ಯಾರೂ ವಿಚಾರಿಸಿರಲಿಲ್ಲ. ಅದೇ ಟ್ಯೂಬಿನ ರಕ್ತದಲ್ಲಿ ಜಿ6ಪಿಡಿ ಚುಕ್ಕೆ ಹಾಕಿದೆ. ಅದೂ ಹೊಳೆಯಲಿಲ್ಲ. ಜಿ6ಪಿಡಿ ತೀರಾ ಕಡಿಮೆ ಇದ್ದರೆ ಗಾಲ್ಟ್ ಎಷ್ಟೇ ಚೆನ್ನಾಗಿ ಕೆಲಸ ಮಾಡಿದರೂ ಎನ್‌ಎಡಿಪಿಎಚ್ ಹುಟ್ಟಲ್ಲ, ಹೊಳಪು ಬರಲ್ಲ. ಜಿ6ಪಿಡಿ ಜೀನ್ ಇರುವುದು ಎಕ್ಸ್ ಕ್ರೋಮೋಸೋಮಿನಲ್ಲಿ. ಗಂಡು ಮಕ್ಕಳಿಗೆ ಅದು ಒಂದೇ. ಹಾಗಾಗಿ ಈ ಕೊರತೆ ಅವರಲ್ಲೇ ಜಾಸ್ತಿ ಕಾಣುತ್ತದೆ.

ಸೋಮವಾರದ ಬೆಂದ ಕಾರ್ಡಿನಲ್ಲಿ ಜಿ6ಪಿಡಿ ನೋಡಿದ್ದರೆ ಇದು ಗೊತ್ತಾಗುತ್ತಿರಲಿಲ್ಲ. ಬಿಸಿಗೆ ಅದೂ ಸಾಯುತ್ತದೆ. ತಾಜಾ ರಕ್ತವೇ ಬೇಕಿತ್ತು.

ಟ್ಯೂಬನ್ನು ತಣ್ಣಗೇ ಬೆಂಗಳೂರಿಗೆ ಕಳಿಸಿದೆವು, ಜಿ6ಪಿಡಿಯನ್ನು ನೆಚ್ಚಿಕೊಳ್ಳದ ಬೇರೆ ವಿಧಾನದಲ್ಲಿ ಗಾಲ್ಟ್ ಅಳೆಯಿರಿ ಅಂತ ಚೀಟಿಯಲ್ಲಿ ಬರೆದು. ಈ ಸಾಲು ಬರೆಯದಿದ್ದರೆ ಅವರೂ ಇದೇ ಚುಕ್ಕೆ ಹಾಕಿ ಇದೇ ಉತ್ತರ ಕೊಡುವ ಸಾಧ್ಯತೆ ಇರುತ್ತದೆ. ಯಾವ ಟ್ಯೂಬ್ ಬೇಕು, ಹೆಪಾರಿನ್ನಾ ಇಡಿಟಿಎಯಾ ಅಂತಲೂ ಮೊದಲೇ ಫೋನ್ ಮಾಡಿ ಕೇಳಿ, ಲ್ಯಾಬಿನಿಂದ ಲ್ಯಾಬಿಗೆ ಬೇರೆ. ಶುಕ್ರವಾರ ಉತ್ತರ ಬಂತು. ಗಾಲ್ಟ್ ನಾರ್ಮಲ್. ಹಳೇ ಕಾರ್ಡಿನ ಗ್ಯಾಲಕ್ಟೋಸ್ ಹೇಳಿದ್ದೂ ಅದನ್ನೇ.

ಡಾಕ್ಟರ್ ಅವತ್ತೇ ಎದೆಹಾಲು ಶುರು ಮಾಡಿಸಿದರು. ತಾಯಿ ನಾಲ್ಕು ದಿನ ಹಿಂಡುತ್ತಾ ಇದ್ದದ್ದರಿಂದ ಹಾಲು ಬತ್ತಿರಲಿಲ್ಲ. ನನ್ನ ವರದಿಯಲ್ಲಿ ಹೀಗೆ ಬರೆದೆ: ಚುಕ್ಕೆ ಪರೀಕ್ಷೆಯಲ್ಲಿ ಹೊಳಪಿಲ್ಲ, ಕಾರಣ ಜಿ6ಪಿಡಿ ಕೊರತೆ, ಗಾಲ್ಟ್ ಬೇರೆ ವಿಧಾನದಲ್ಲಿ ನಾರ್ಮಲ್, ಜಿ6ಪಿಡಿ ಪ್ರಮಾಣ ಅಳತೆ ಮಾಡಿಸಿ.

ಜಿ6ಪಿಡಿ ಕೊರತೆ ಇರುವ ಕೂಸಿಗೆ ಕೆಲವು ಮಾತ್ರೆ, ಕೆಲವು ವಾಸನೆಗಳೂ ಆಗಲ್ಲ. ರಕ್ತಕಣ ಒಡೆದು ಕಾಮಾಲೆ ಏರುತ್ತದೆ. ಮಲೇರಿಯಾದ ಪ್ರೈಮಾಕ್ವಿನ್ ಅದರಲ್ಲೊಂದು, ನ್ಯಾಫ್ತಲೀನ್ ಗುಳಿಗೆ ಇನ್ನೊಂದು. ಡಾಕ್ಟರ್ ಕೂಸಿನ ಅಜ್ಜಿಯನ್ನು ಕರೆದು ಮನೆಯಲ್ಲಿ ಬಟ್ಟೆಗೆ ನುಸಿ ಗುಳಿಗೆ ಹಾಕ್ತೀರಾ ಅಂತ ಕೇಳಿದರಂತೆ. ಸಿಸ್ಟರ್ ಆಮೇಲೆ ಫೋನಿನಲ್ಲಿ ಹೇಳಿದ್ದು. ಅಜ್ಜಿ ಏನೂ ಮಾತಾಡದೆ ಕೂಸಿಗೆ ಸುತ್ತಿದ್ದ ಹಳೇ ರೇಷ್ಮೆ ಸೀರೆಯ ತುಂಡನ್ನು ಬಿಚ್ಚಿ ಮುಂದೆ ಹಿಡಿದರಂತೆ. ಟ್ರಂಕಿನಿಂದ ತೆಗೆದು ವಾರವಾಗಿದ್ದರೂ ಗುಳಿಗೆ ವಾಸನೆ ಇನ್ನೂ ಹೋಗಿರಲಿಲ್ಲ.